ಎರಡು ಕೆಂಪು, ಎರಡು ಹಸಿರು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಗೆ ಬಂದ ಹೆಂಗಸು ದೂರಿನ ಅರ್ಜಿಯ ಜೊತೆ ಎರಡು ವರದಿಗಳನ್ನು ಇನ್ಸ್‌ಪೆಕ್ಟರ್ ಮೇಡಂ ಮುಂದಿಟ್ಟಳು. ವಯಸ್ಸು ನಲವತ್ನಾಲ್ಕು, ಕಸುಬು ಸಿಟಿ ಬಸ್ಸಿನ ಡ್ರೈವರ್. ತಲೆಗೆ ಸ್ಕಾರ್ಫ್ ಸುತ್ತಿದ್ದಳು, ಕಣ್ಣು ಹಳದಿಗಟ್ಟಿತ್ತು. ಜೊತೆಗೆ ಬಂದಿದ್ದ ಅವಳ ತಮ್ಮ ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

“ಎರಡೂ ನನ್ನ ಎದೆಯ ಗಡ್ಡೆದೇ ಮೇಡಂ. ಒಂದೇ ತುಂಡು. ಹನ್ನೊಂದು ತಿಂಗಳ ಹಿಂದಿನ ವರದಿ ‘ಇಲ್ಲ’ ಅನ್ನುತ್ತೆ. ಮೊನ್ನೆ ಬೇರೆ ಆಸ್ಪತ್ರೆ ಕೊಟ್ಟಿದ್ದು ‘ಇದೆ’ ಅನ್ನುತ್ತೆ.”

“ಏನು ಇದೆ?”

“ಅದನ್ನ ಡಾಕ್ಟ್ರನ್ನೇ ಕೇಳಿ. ಆವಾಗ್ಲೇ ‘ಇದೆ’ ಅಂದಿದ್ರೆ ಬೇರೆ ಔಷಧಿ ಕೊಡ್ತಿದ್ರಂತೆ. ಈಗ ಲಿವರ್‌ಗೆ ಇಳಿದಿದೆ.”

“ಕಣ್ತಪ್ಪಿನಿಂದ ಆಗಿರಬಹುದಲ್ಲ?”

“ಹಾಗಿದ್ರೆ ಕಣ್ತಪ್ಪು ಅಂತ ಬರ್ಕೊಡಿ. ಮನೆಗೆ ಹೋಗ್ತೀನಿ.”

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮೇಡಂ ಎರಡನೇ ಆಸ್ಪತ್ರೆಗೆ ಹೋದರು. ಮರುಪರೀಕ್ಷೆ ಮಾಡಿದ ಡಾಕ್ಟರು ಹೆಬ್ಬೆರಳಗಲದ ಮೇಣದ ಬಿಲ್ಲೆಯೊಂದನ್ನು ತೋರಿಸಿದರು. ಒಳಗೆ ಗಡ್ಡೆಯ ತುಂಡು ಹುದುಗಿತ್ತು.

“ಇದರಿಂದ ತೆಳ್ಳಗೆ ಒಂದು ಪದರ ಕೊಯ್ದು ಗಾಜಿನ ಮೇಲೆ ಕೂರಿಸ್ತೀವಿ. ಹೊಳೆಯೋ ಬಣ್ಣ ಸೇರಿಸಿದ ಡಿಎನ್‌ಎ ಚೂರುಗಳನ್ನ ಹಾಕಿದ್ರೆ, ಅವು ತಮ್ಮ ಜೋಡಿ ಹುಡುಕ್ಕೊಂಡು ಹೋಗಿ ಅಂಟ್ಕೊಳ್ತವೆ. ಹಸಿರು ಚುಕ್ಕೆ ಅಂದ್ರೆ ಹದಿನೇಳನೇ ಕ್ರೋಮೋಸೋಮಿನ ನಡುಭಾಗ. ಕೆಂಪು ಚುಕ್ಕೆ, ಅದರ ಮೇಲಿರೋ ಒಂದು ಜೀನ್. ಸರಿಯಾಗಿರೋ ಕೋಶದಲ್ಲಿ ಎರಡು ಕೆಂಪು, ಎರಡು ಹಸಿರು ಇರ್ತವೆ. ಕೆಂಪು ಹೆಚ್ಚಿದ್ರೆ ಕ್ಯಾನ್ಸರ್ ಬೇಗ ಹರಡುತ್ತೆ; ಅಂಥವರಿಗೆ ‘ಇದೆ’ ಅಂತ ಬರೆದು ಬೇರೆ ಔಷಧಿ ಕೊಡ್ತೀವಿ. ಈಗ ನೀವೇ ನೋಡಿ.”

ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಕತ್ತಲಲ್ಲಿ ನೀಲಿ ಕೋಶಗಳು ಹೊಳೆಯುತ್ತಿದ್ದವು. ಒಂದೊಂದರಲ್ಲೂ ಎರಡು ಹಸಿರು ಚುಕ್ಕೆ. ಕೆಂಪು ಮಾತ್ರ ಮುಷ್ಟಿಯಿಂದ ಎರಚಿದ ಹಾಗೆ ಗುಂಪುಗುಂಪಾಗಿತ್ತು.

“ಇದನ್ನ ನೋಡಿದವರು ಯಾರೂ ‘ಇಲ್ಲ’ ಅಂತ ಬರೆಯಲ್ಲ,” ಎಂದರು ಡಾಕ್ಟರು.

‘ನೋಡಿದವರು’ ಎಂಬ ಪದವನ್ನು ಮೇಡಂ ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದರು.

ಬುಧವಾರ ಒಂಬತ್ತೂ ಕಾಲಿಗೆ ಮೊದಲ ವರದಿ ಕೊಟ್ಟ ಪ್ರಯೋಗಾಲಯದಲ್ಲಿ ಪಂಚನಾಮೆ ಶುರುವಾಯಿತು. ಗಾಜುಗಳು, ಮೇಣದ ಬಿಲ್ಲೆಗಳು, ವರದಿಗಳ ಪ್ರತಿಗಳು ಒಂದೊಂದೇ ಪೆಟ್ಟಿಗೆ ಸೇರಿದವು. ಪಟ್ಟಿ ಬರೆಯುತ್ತಿದ್ದವನು ಹೆಡ್ ಕಾನ್ಸ್‌ಟೇಬಲ್. ಮೈಯಲ್ಲಿ ಮಾಂಸವೇ ಇಲ್ಲದ ಅವನನ್ನು ಠಾಣೆಯವರೆಲ್ಲ ಕಡ್ಡಿ ಎನ್ನುತ್ತಿದ್ದರು. ಹತ್ತೂವರೆಗೆ ಅವನ ಪೆನ್ನು ನಿಂತಿತು.

“ಮೇಡಂ, ಬಸ್ಸಿನ ಅಕ್ಕನ ವರದೀಲಿರೋ ಫೋಟೊ ನೋಡಿ. ಈ ಕೋಶ ಕಿವಿ ಹರಿದ ಹಾಗಿದೆ. ಇದೇ ಹರಿದ ಕಿವಿ ಇನ್ನೊಬ್ಬರ ವರದೀಲೂ ಇದೆ. ಅವಳಿಜವಳಿ ಇರಬಹುದಾ?”

ಮೇಡಂ ನಗಲಿಲ್ಲ. ಎಲ್ಲ ವರದಿಗಳನ್ನೂ ನೆಲದ ಮೇಲೆ ಹರಡಿಸಿದರು. ಹದಿನಾಲ್ಕು ತಿಂಗಳು, ಇನ್ನೂರ ಹನ್ನೆರಡು ರೋಗಿಗಳು; ಫೋಟೊಗಳು ಮಾತ್ರ ಒಂಬತ್ತೇ. ಸೂಕ್ಷ್ಮದರ್ಶಕದ ದೀಪದ ಪೆಟ್ಟಿಗೆಯಲ್ಲಿ ಅದು ಎಷ್ಟು ಹೊತ್ತು ಉರಿಯಿತೆಂದು ತೋರಿಸುವ ಮೀಟರ್ ಇತ್ತು. ದೀಪ ಬದಲಿಸಿ ಹದಿನಾಲ್ಕು ತಿಂಗಳಾಗಿತ್ತು. ಉರಿದದ್ದು ನಾಲ್ಕು ಗಂಟೆ.

ಆ ವರದಿಗಳಿಗೆ ಸಹಿ ಹಾಕಿದ್ದ ಡಾಕ್ಟರಮ್ಮನನ್ನು ಕರೆಸಿದರು. “ಎಣಿಸೋದು ಮಾಸ್ತರು. ಇಪ್ಪತ್ತೆಂಟು ವರ್ಷದಿಂದ ಇಲ್ಲಿ ಟೆಕ್ನಿಷಿಯನ್. ನನಗೂ ಅವರೇ ಕಲಿಸಿದ್ದು. ಅವರು ಎಣಿಸಿದ ಮೇಲೆ ನಾನು ಮತ್ತೆ ನೋಡಲ್ಲ.”

“ಒಂದು ಸಲವೂ?”

ಡಾಕ್ಟರಮ್ಮ ಇಲ್ಲವೆಂದು ತಲೆಯಾಡಿಸಿದರು.

ಮಾಸ್ತರಿಗೆ ಐವತ್ತಾರು ವರ್ಷ. ಇಸ್ತ್ರಿ ಮಾಡಿದ ಬಿಳಿ ಕೋಟು, ತಿದ್ದಿ ತೀಡಿದ ಮಾತು. ಫೋಟೊ ವಿಷಯ ಕೇಳಿದರೆ ಕಂಪ್ಯೂಟರಿನ ಗೊಂದಲ ಎಂದರು. ಅವರ ನೋಟ ಮಾತ್ರ ಮೇಡಂ ಮುಖ ಬಿಟ್ಟು ಕಿವಿಯ ಪಕ್ಕ ಎಲ್ಲೋ ನೆಟ್ಟಿತ್ತು. ಮೇಡಂ ಎರಡನೇ ಆಸ್ಪತ್ರೆಯ ಡಾಕ್ಟರನ್ನು ಕರೆಸಿ, ಕಿವಿಯಲ್ಲಿ ಏನೋ ಹೇಳಿ, ಎಲ್ಲರನ್ನೂ ಕತ್ತಲೆ ಕೋಣೆಗೆ ಕರೆದೊಯ್ದರು.

“ಆ ಡ್ರೈವರ್ ಹೆಂಗಸಿನ ಗಾಜು ಇಟ್ಟಿದ್ದಾರೆ. ಎಣಿಸಿ ಮಾಸ್ತರೇ.”

ಮಾಸ್ತರು ಕೈಯಿಂದ ಸ್ಟೂಲು ತಡವಿ ಕೂತರು. ಕಣ್ಣಿಟ್ಟರು. ತುಟಿ ಅಲುಗಿತು.

“ಎರಡು ಕೆಂಪು, ಎರಡು ಹಸಿರು. ಪಕ್ಕದ್ದೂ ಅಷ್ಟೇ.”

“ದೀಪ ಹಾಕಿಲ್ಲ ಮಾಸ್ತರೇ.”

ಮಾಸ್ತರು ಕಣ್ಣನ್ನು ಅಲ್ಲಿಂದ ತೆಗೆಯಲೇ ಇಲ್ಲ.

ಹೇಳಿಕೆ ದಾಖಲಿಸಿದ ಸಮಯ ಮಧ್ಯಾಹ್ನ ಎರಡು ಹತ್ತು.

“ಯಾವಾಗಿನಿಂದ?”

“ಒಂದೂವರೆ ವರ್ಷ. ಸುತ್ತಲಿನದು ಕಾಣುತ್ತೆ. ನೇರ ನೋಡಿದ್ದು ಕಾಣಲ್ಲ.”

“ಕೆಲವರಿಗೆ ‘ಇದೆ’ ಅಂತಲೂ ಬರೆದಿದ್ದೀರಿ.”

“ಐದಾರು ಜನರಲ್ಲಿ ಒಬ್ಬರಿಗೆ ಬರ್ಬೇಕು. ಬರದಿದ್ರೆ ಅನುಮಾನ ಬರುತ್ತೆ.”

“ಆ ಒಬ್ಬರನ್ನ ಹೇಗೆ ಆರಿಸ್ತಿದ್ರಿ?”

“ಆರಿಸ್ತಿರಲಿಲ್ಲ.”

ಕಡ್ಡಿಗೆ ಆ ಉತ್ತರ ಬರೆಯಲು ತುಸು ಹೊತ್ತು ಹಿಡಿಯಿತು.

ಮಾಸ್ತರಿಗೆ ಊರು ಬಿಡಬಾರದೆಂದು ನೋಟಿಸು ಕೊಟ್ಟು, ಬಿಲ್ಲೆಗಳನ್ನು ಮರುಪರೀಕ್ಷೆಗೆ ಕಳಿಸಿದರು. ಹದಿನಾರನೇ ದಿನ ಪಟ್ಟಿ ಬಂತು. ಔಷಧಿ ಸಿಗಬೇಕಿದ್ದ ಮೂವತ್ತೊಂದು ಜನರಿಗೆ ಅದು ತಪ್ಪಿತ್ತು. ಅವರಲ್ಲಿ ಒಂಬತ್ತು ಜನ ಈಗಾಗಲೇ ತೀರಿಹೋಗಿದ್ದರು. ಮೇಡಂ ಆ ಒಂಬತ್ತು ಹೆಸರುಗಳನ್ನು ಒಬ್ಬರೇ ಕೂತು ಎರಡು ಸಲ ಓದಿದರು. ನಂತರ ಜೀಪು ತೆಗೆಯಲು ಹೇಳಿದರು.

ಬಾಗಿಲು ತೆರೆದ ಮಾಸ್ತರ ಹೆಂಡತಿಗೆ ಕಣ್ಣಿನ ವಿಷಯ ಪೊಲೀಸರ ನೋಟಿಸು ಬರುವವರೆಗೂ ಗೊತ್ತಿರಲಿಲ್ಲ. “ಮಗಳ ಮುಖಾನೂ ನೇರ ನೋಡ್ತಿರಲಿಲ್ಲ ಮೇಡಂ. ಅವಳ ಮೇಲೆ ಏನೋ ಕೋಪ ಅಂದ್ಕೊಂಡಿದ್ವಿ. ಅವಳು ಬೇಜಾರು ಮಾಡ್ಕೊಂಡು ಬರೋದನ್ನೇ ಬಿಟ್ಟಳು.”

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಬಂಧನವಾಯಿತು. ಜೀಪಿನಲ್ಲಿ ಮಾಸ್ತರು ತಾವಾಗಿಯೇ ಮಾತಾಡಿದರು. “ಒಂದು ತಿಂಗಳು ಹೇಗಾದ್ರೂ ನಿಭಾಯಿಸಿದ್ರೆ ಚಿಕಿತ್ಸೇಲಿ ಕಣ್ಣು ಸರಿಹೋಗುತ್ತೆ ಅಂದ್ಕೊಂಡೆ. ಎಲ್ಲರೂ ನನ್ನ ಕೇಳಿ ಕಲಿತವರು. ಕಾಣ್ತಿಲ್ಲ ಅಂತ ಅವರಿಗೆ ಹೇಗೆ ಹೇಳೋದು? ಆಮೇಲೆ ಹೇಳೋಣ ಅಂದ್ರೆ, ಆ ಒಂದು ತಿಂಗಳದ್ದನ್ನೂ ಹೇಳಬೇಕಿತ್ತು.”

ಠಾಣೆಯಲ್ಲಿ ಬಂಧನ ಪತ್ರಕ್ಕೆ ಎಲ್ಲಿ ಸಹಿ ಹಾಕಬೇಕೆಂದು ಅವರಿಗೆ ತಿಳಿಯಲಿಲ್ಲ. ಕಡ್ಡಿ ಅವರ ಬೆರಳು ಹಿಡಿದು ಗೆರೆಯ ಮೇಲೆ ಇಟ್ಟ.

“ಆ ಡ್ರೈವರ್ ಹೆಂಗಸಿಗೆ ಈಗ ಆ ಔಷಧಿ ಶುರು ಮಾಡಿದ್ದಾರಾ?” ಎಂದು ಮಾಸ್ತರು ಕೇಳಿದರು.

“ಮಾಡಿದ್ದಾರೆ.”

“ಹಿಡೀತಾ?”

“ತಡ ಆಯ್ತು ಅಂತಿದ್ದಾರೆ,” ಎಂದರು ಮೇಡಂ.

ಮಾಸ್ತರು ತಲೆಯಾಡಿಸಿದರು. ಸಹಿ ಹಾಕಿದರು.