ಇಪ್ಪತ್ತು ಕಿಲೋ ಯಂತ್ರ

ಭಾರ ಇಳಿಸುವ ರಾಶಿಹರ ಯಂತ್ರ ಬೆಳಿಗ್ಗೆ ಏಳೂವರೆಗೆ ಗುಂಯ್‌ಗುಟ್ಟತೊಡಗಿತು. ಹೊಯ್ಗೆಬೆಟ್ಟಿನ ಕಡಲತಡಿಯಲ್ಲಿ ಮೂವತ್ತು ಜನ ರಂಪಣಿ ಬಲೆಯ ಹಗ್ಗ ಹಿಡಿದು ನಿಂತಿದ್ದರು. ಡೀಸೆಲ್ ದೋಣಿಗಳೆಲ್ಲ ಮೂಲೆ ಸೇರಿದ ಮೇಲೆ, ಊರವರು ಸೇರಿ ದಡದಿಂದಲೇ ಎಳೆಯುವ ಈ ಹಳೆಯ ಬಲೆ ಮತ್ತೆ ಕಡಲಿಗೆ ಇಳಿದಿತ್ತು. ಮೀನು ತುಂಬಿದ ಬಲೆ ಮರಳಿಗೆ ಏರುವಾಗ ಹಗ್ಗದ ಮಾಪಕ ಎರಡು ಸಾವಿರ ಕಿಲೋ ತೋರಿಸುತ್ತಿತ್ತು. ಯಂತ್ರ ಶುರುವಾದದ್ದೇ ಮುಳ್ಳು ಸಾವಿರದ ಒಂಬೈನೂರ ಎಂಬತ್ತಕ್ಕೆ ಇಳಿದು ಅಲ್ಲೇ ನಿಂತಿತು.

"ಅಷ್ಟೇಯಾ?" ಎಂದ ಶೀನ ಮೊಗವೀರ. ಅವನು ಬಲೆಯ ತಾಂಡೇಲ. ಬಲೆ ಬಿಡುವುದರಿಂದ ಹಿಡಿದು ಮೀನು ಪಾಲು ಮಾಡುವವರೆಗೆ ಅವನದೇ ಮಾತು.

"ಅಷ್ಟೇ" ಎಂದರು ಯಂತ್ರ ತಂದಿದ್ದ ಭೌತವಿಜ್ಞಾನಿ ಅನಸೂಯಾ ಐತಾಳ. ಅವರಿಗೆ ಆಶ್ಚರ್ಯವೇನೂ ಆಗಿರಲಿಲ್ಲ.

"ಇಪ್ಪತ್ ಕಿಲೋ. ಅಂದ್ರೆ ನಮ್ ಗುಲಾಬಕ್ಕ ಎಳೂವಷ್ಟ್."

ಎಲ್ಲರೂ ನಕ್ಕರು. ಹಗ್ಗದ ತುದಿಯಲ್ಲಿದ್ದ ಎಪ್ಪತ್ತನಾಲ್ಕರ ಗುಲಾಬಿ ಮಾತ್ರ ನಗಲಿಲ್ಲ. ಯಂತ್ರವನ್ನು ಪುಕ್ಕಟೆ ಕೊಟ್ಟ ಮೀನುಗಾರಿಕೆ ಇಲಾಖೆ ಒಂದು ಷರತ್ತು ಹಾಕಿತ್ತು: ಯಂತ್ರ ಎಷ್ಟು ಜನರ ಕೆಲಸ ಉಳಿಸುತ್ತದೆಯೋ ಅಷ್ಟು ಜನ ಹಗ್ಗ ಬಿಡಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಒಂದು ಪಾಲು ಎಂಬುದು ಊರಿನ ಕಟ್ಟಳೆ. ಗುಲಾಬಿಯ ಮನೆಯಲ್ಲಿ ಒಲೆ ಹೊತ್ತುತ್ತಿದ್ದುದು ಆ ಪಾಲಿನಿಂದ. ಷರತ್ತಿನ ಕಾಗದವನ್ನು ಐತಾಳರೇ ಓದಿ ಹೇಳಿದ್ದರು. ಈಗ ಮುದುಕಿಯ ಮುಖ ನೋಡಲು ಅವರಿಗೆ ನಾಚಿಕೆಯಾಯಿತು.

ಮೀನು ಪಾಲಾಗುತ್ತಿದ್ದಾಗ ಗುಲಾಬಿ ಮೆಲ್ಲಗೆ ಯಂತ್ರದ ಹತ್ತಿರ ಬಂದಳು. "ಹ್ವಾಯ್ ಡಾಕ್ಟ್ರಮ್ಮ, ಪೇಪರಲ್ಲಿ ಭಾರವೇ ಇಲ್ದಿದ್ ಬಲೆ ಅಂತ ಬಂದಿತ್ತಲೆ. ಉಳ್ದ ಭಾರ ಎಲ್ಲಿತ್ತ್?"

"ನಮ್ಮ ಸಮೀಕರಣದಲ್ಲಿ ಒಂದು ಪದ ಇದೆ ಅಜ್ಜಿ. ದ್ರವ್ಯರಾಶಿ ಪದ ಅಂತ ಅದರ ಹೆಸರು. ಹೆಸರು ನೋಡಿ ಎಲ್ಲರೂ ಮೋಸ ಹೋಗ್ತಾರೆ."

ಪರಮಾಣುವಿನ ಗರ್ಭದಲ್ಲಿ ಕ್ವಾರ್ಕ್ ಎಂಬ ಅತಿಸೂಕ್ಷ್ಮ ಕಣಗಳಿವೆ. ವಿಶ್ವವನ್ನೆಲ್ಲ ತುಂಬಿರುವ ಹಿಗ್ಸ್ ಕ್ಷೇತ್ರದ ಜೊತೆಗಿನ ನಂಟಿನಿಂದ ಅವುಗಳಿಗೆ ಎಷ್ಟು ದ್ರವ್ಯರಾಶಿ ಸಿಗುತ್ತದೆ ಎಂಬುದನ್ನು ಆ ಪದ ಹೇಳುತ್ತದೆ. ಯಂತ್ರ ಆ ನಂಟನ್ನು ತಡೆದು ಪದವನ್ನು ಸೊನ್ನೆ ಮಾಡುತ್ತದೆ. ಇಲಾಖೆಯವರು ಪದ ಸೊನ್ನೆಯಾದರೆ ಭಾರವೂ ಸೊನ್ನೆ ಎಂದು ತಿಳಿದು ಪೇಪರಿಗೆ ಕೊಟ್ಟುಬಿಟ್ಟರು. ಹಾಗಲ್ಲ ಎಂದು ಐತಾಳರು ಹದಿನೇಳು ಪುಟಗಳ ವಿವರಣೆ ಕಳಿಸಿದ್ದರು. ಪತ್ರ ತಲುಪಿದೆ ಎಂದು ಉತ್ತರ ಬಂದಿತ್ತು.

"ಆ ಪದದಿಂದ ಬರೋ ಭಾರ ನೂರರಲ್ಲಿ ಒಂದು ಪಾಲು, ಅಷ್ಟೇ. ಉಳಿದದ್ದೆಲ್ಲ ಆ ಕಣಗಳು ಒಂದನ್ನೊಂದು ಬಿಡದೆ ಹಿಡ್ಕೊಂಡಿರೋ ಶಕ್ತಿಯಿಂದ ಬರೋದು. ಅದನ್ನ ಕಳೆಯೋ ಯಂತ್ರ ಇಲ್ಲ."

"ಬರೀ ಹಿಡ್ಕಂಡಿರೂದೇ ಭಾರವಾ?"

"ಹೌದು."

ಗುಲಾಬಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಾನೂ ಹಾಂಗೇ ಅಮ್ಮ. ಎರಡ್ ವರ್ಷ ಆಯ್ತ್, ಎಳೂದಿಲ್ಲ. ಮೊಣಕಾಲಲ್ಲಿ ತ್ರಾಣ ಇಲ್ಲ. ಬರೀ ಹಿಡ್ಕಂಡ್ ನಿಂತಿರೂದ್. ಮನೇಲಿ ಒಬ್ಳೇ ಕೂತ್ರೆ ಹೊತ್ತ್ ಹೋತಿಲ್ಲ. ಶೀನಂಗೆ ಹೇಳ್ಬೇಡಿ."

ಐತಾಳರು ಹೇಳುವುದಿಲ್ಲ ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ಶೀನ ಬಂದು ಯಂತ್ರದ ಮುಂದೆ ಒಂದು ಪಾಲು ಬಂಗಡೆ ಸುರಿದ. "ಕಟ್ಟಳೆ ಕಟ್ಟಳೆಯೇ. ಇದೂ ಹಗ್ಗಕ್ಕೆ ಕೈ ಹಾಕಿತ್ತಲೆ. ಆದ್ರೆ ಇದಕ್ಕೆ ತಿಂಬುಕೆ ಬಾಯಿಲ್ಲ. ಇದನ್ನ ನೋಡಿಕೊಂಬವ್ರಿಗೆ ಈ ಪಾಲು. ಗುಲಾಬಕ್ಕ, ನೀನ್ ಹಗ್ಗ ಬಿಡ್, ಇದ್ರ ಹತ್ರ ಕೂಕೋ. ಇಲಾಖೆ ಷರತ್ತೂ ಮುಗೀತ್."

ಯಂತ್ರ ತಾನಾಗಿಯೇ ನಡೆಯುತ್ತದೆ, ನೋಡಿಕೊಳ್ಳುವವರು ಬೇಕಿಲ್ಲ ಎನ್ನಲು ಐತಾಳರು ಬಾಯಿ ತೆರೆದರು. ಆದರೆ ಅದರ ಬದಲು ತಮ್ಮ ಸ್ಟೂಲನ್ನು ಗುಲಾಬಿಯತ್ತ ಸರಿಸಿದರು.

ಆರು ತಿಂಗಳ ನಂತರ ಅವರು ತಪಾಸಣೆಗೆ ಬಂದಾಗ ಬಲೆ ಮರಳಿಗೆ ಏರುತ್ತಿತ್ತು. ಗುಲಾಬಿ ಸ್ಟೂಲಿನ ಮೇಲೆ ಕೂತು ಯಂತ್ರದ ಮೇಲೆ ಕೈಯಿಟ್ಟುಕೊಂಡಿದ್ದಳು. ಯಂತ್ರದಿಂದ ಸದ್ದಿಲ್ಲ. ಹಿಂಬದಿಯ ಮುಚ್ಚಳ ತೆಗೆದರೆ ಉಪ್ಪುಗಾಳಿಗೆ ತಂತಿಗಳೆಲ್ಲ ಹಸಿರಾಗಿ ಪುಡಿಯಾಗಿದ್ದವು. ಮಾಪಕದ ಮುಳ್ಳು ಎರಡು ಸಾವಿರದಲ್ಲೇ ನಿಂತಿತ್ತು.

ಐತಾಳರು ಶೀನನನ್ನು ಪಕ್ಕಕ್ಕೆ ಕರೆದರು. "ಇದು ನಿಂತು ಎಷ್ಟು ದಿನ ಆಯ್ತು?"

"ಆರ್ ತಿಂಗ್ಳಾಯ್ತ್. ನೀವ್ ಹೋದ ವಾರವೇ."

"ಹಾಗಾದ್ರೆ ಆ ಇಪ್ಪತ್ತು ಕಿಲೋ ಯಾರು ಎಳೀತಿದ್ದಾರೆ?"

"ಅದ್ನ ಮುಂಚಿಂದ್ಲೂ ನಾವೇ ಎಳೂದ್." ಶೀನ ದನಿ ತಗ್ಗಿಸಿದ. "ಗುಲಾಬಕ್ಕ ಎಳೂದ್ ಬಿಟ್ಟ್ ಎರಡೂವರೆ ವರ್ಷ ಆಯ್ತ್. ಹಗ್ಗ ಹಿಡ್ದವ್ರಿಗೆ ಗೊತ್ತಾತಿಲ್ಯಾ? ಎಲ್ರಿಗೂ ಗೊತ್ತಿತ್ತ್. ಅವ್ಳಿಗೆ ಹೇಳ್ಬೇಡಿ."

ಐತಾಳರು ಮುಚ್ಚಳವನ್ನು ಮೊದಲಿನಂತೆಯೇ ಹಾಕಿ ಸ್ಕ್ರೂ ಬಿಗಿದರು. ಆಮೇಲೆ ಗುಲಾಬಿಯ ಪಕ್ಕದಲ್ಲಿ ಮರಳಿನ ಮೇಲೆ ಕೂತು ತಪಾಸಣೆಯ ನಮೂನೆ ತುಂಬಿದರು. ಯಂತ್ರದ ಸ್ಥಿತಿ: ತೃಪ್ತಿಕರ. ಇಳಿಸಿದ ಭಾರ: ಇಪ್ಪತ್ತು ಕಿಲೋ. ನೋಡಿಕೊಳ್ಳುವವರು: ಒಬ್ಬರು, ಬದಲಾಯಿಸಕೂಡದು.