ಆರನೆಯ ಕುರ್ಚಿಯ ಬೆತ್ತ

ಮಾರ್ಚ್ 11, ಬೆಳಿಗ್ಗೆ. ಎಲೆ ವ್ಯಾಪಾರಿ ಶಂಭುಲಿಂಗಪ್ಪ ಸವಣೂರು ಠಾಣೆಗೆ ಬಂದು, ಮನೆಯಲ್ಲಿ ಕಳ್ಳತನವಾಗಿದೆ ಎಂದು ದೂರು ಕೊಟ್ಟರು.

"ಏನು ಹೋಗೇತ್ರಿ?" ಪಿಎಸ್‌ಐ ಕೊಟ್ರೇಶ ಕೇಳಿದರು.

"ಕುರ್ಚಿ ಸೀಟ್ರಿ."

"ಮತ್ತ ಕುರ್ಚಿ?"

"ಕುರ್ಚಿ ಐತ್ರಿ. ಕುಂಡ್ರೂ ಬೆತ್ತ ಅಷ್ಟ ಹೋಗೇತಿ."

ಕಾನ್‌ಸ್ಟೇಬಲ್ ಹೇಮಾ ಮುಖ ತಿರುಗಿಸಿ ನಕ್ಕಳು.

"ನಗಬ್ಯಾಡವ್ವ. ಆರೂ ಕುರ್ಚಿ ಕೂಡಿ ಮೂರು ಲಕ್ಷದ ಮಾಲು."

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಕಂಡದ್ದು: ಹಿತ್ತಿಲ ಬಾಗಿಲ ಚಿಲಕ ಮುರಿದಿದೆ, ಪಡಸಾಲೆಯಲ್ಲಿ ಆರು ಕುರ್ಚಿಗಳಿವೆ, ಒಂದಕ್ಕೆ ಬರೀ ಚೌಕಟ್ಟು.

ಮಾರಾಟಕ್ಕೆಂದು ಹಿಂದಿನ ವಾರವಷ್ಟೇ ಕುರ್ಚಿಗಳಿಗೆ ಬೆಲೆ ಕಟ್ಟಿದ್ದ, ಹುಬ್ಬಳ್ಳಿಯ ಹಳೆ ಸಾಮಾನುಗಳ ಪರಿಣತೆ ಮಾಹೀರಾ ಅವರನ್ನು ಕರೆಸಿದರು. ಆಕೆ ಕುರ್ಚಿಯನ್ನು ಬೋರಲು ಹಾಕಿದರು.

"ಬೀಟಿ ಕಟ್ಟಿಗಿ. ವಿಕ್ಟೋರಿಯಾ ರಾಣಿ ಕಾಲದ್ದು. ಬೆನ್ನು ಬಲೂನಿನಂಗ ದುಂಡಗ ಐತಿ, ನೋಡ್ರಿ. ಬುಡಕ ಕೈಗರಗಸದ ಗೆರಿ, ಒಂದ ಸಮ ಇಲ್ಲ. ನಕಲಿ ಆಗಿದ್ರ ಯಂತ್ರದ ಗೆರಿ ಇರ್ತಿತ್ತು."

"ಹೋದ ಬೆತ್ತಕ್ಕ ಎಷ್ಟು?"

"ಏನೂ ಇಲ್ಲ. ಅದು ಹಳೇದಲ್ಲ, ಈಗೀಗ ಹೆಣೆದದ್ದು. ಕಿತ್ತು ಬ್ಯಾರೆ ಹಾಕಸ್ರಿ ಅಂತ ನಾನ ಹೇಳಿದ್ದೆ. ಸೋಮವಾರ ಕೆಲಸಗಾರ ಬರವನಿದ್ದ."

ಬೆಲೆ ಕಟ್ಟುವಾಗ ತೆಗೆದ ಫೋಟೊ ತೋರಿಸಿದರು. ಐದು ಕುರ್ಚಿಗಳ ಹೆಣಿಗೆ ಬಿಗಿಯಾಗಿತ್ತು. ಆರನೆಯದರಲ್ಲಿ ಅರ್ಧದಿಂದಾಚೆ ಎಳೆ ಸಡಿಲ. ಕೊನೆಯ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು.

"ಎಲ್ಲಾದಕ್ಕಿಂತ ಕೆಟ್ಟದ್ದನ್ನ ಒಯ್ದಾನಲ್ರಿ!" ಎಂದಳು ಹೇಮಾ.

ಮಾಹೀರಾ ಚೌಕಟ್ಟಿನ ತೂತುಗಳ ಮೇಲೆ ಬೆರಳಾಡಿಸಿದರು. "ಚಾಕು ಹಚ್ಚಿಲ್ಲ. ಬೆತ್ತ ಹಿಡಿದಿದ್ದ ಬೆಣಿ ಒಂದೊಂದ ತಗದಾನ. ಈ ಕೆಲಸ ಬಲ್ಲವ."

"ಹೆಣೆದವರು ಯಾರ್ರಿ?" ಕೊಟ್ರೇಶ ಶಂಭುಲಿಂಗಪ್ಪನವರ ಕಡೆ ತಿರುಗಿದರು.

"ಬಂಕಾಪುರದ ಪೂಜಾ ಅಂತ. ತೀರಿಕೊಂಡ್ಲು, ತಿಂಗಳಾತು. ಗಂಡ ಲೋಹಿತನೂ ಆಕಿ ಜೋಡಿ ಕೆಲಸ ಮಾಡ್ತಿದ್ದ."

ಮಧ್ಯಾಹ್ನ ಬಂಕಾಪುರದ ಒಂದು ಕೋಣೆಯ ಮನೆಯಲ್ಲಿ ಲೋಹಿತ ಸಿಕ್ಕ. ಮಂಚದ ಗೋಡೆ ಬದಿಯ ಅರ್ಧದಲ್ಲಿ ಬೆತ್ತದ ಸೀಟು ಹಾಸಿತ್ತು. ಇನ್ನರ್ಧದಲ್ಲಿ ಒಂದೇ ದಿಂಬು. ಅವನು ಏನನ್ನೂ ಅಲ್ಲಗಳೆಯಲಿಲ್ಲ.

"ಕೇಳಿದ್ರ ಶಂಭುಲಿಂಗಪ್ಪನವರು ಕೊಡ್ತಿದ್ರಲ್ಲೋ?" ಎಂದರು ಕೊಟ್ರೇಶ.

"ಕೇಳಾಕಂತನ ಹೋಗಿದ್ದೆ ಸಾಹೇಬ್ರ. 'ನಿನ್ನ ಹೇಣ್ತಿ ಕೆಡಿಸಿಟ್ಟದ್ದನ್ನ ಸೋಮವಾರ ಕಿತ್ತು ಒಲಿಗೆ ಹಾಕಸ್ತೇನಿ' ಅಂದ್ರು. ಮುಂದ ಬಾಯಿ ಬರಲಿಲ್ಲ."

ಕೊಟ್ರೇಶ ಮಂಚದ ಮೇಲಿದ್ದ ಸೀಟಿನ ಕಡೆ ಬಾಗಿ ನೋಡಿದರು.

"ಕೆಡಿಸಿದ್ದಲ್ರಿ ಅದು. ಜಡ್ಡಿನಾಗ ಆಕಿ ಬೆರಳಿಗೆ ತಾಕತ್ತ ಇರಲಿಲ್ಲ. ನಾ ಮುಗಿಸ್ತೇನಿ ಬಿಡ ಅಂದ್ರ, ನನ್ನ ಕೈ ಬಡದು ದೂರ ಸರಿಸಿದ್ಲು."

ಸಂಜೆ ನಾಲ್ಕಕ್ಕೆ ದಸ್ತಗಿರಿಯಾಯಿತು. ಜಪ್ತಿ ಪಂಚನಾಮೆ ಬರೆದು ಮುಗಿಸಿದ ಹೇಮಾ ಸೀಟನ್ನು ಚೀಲಕ್ಕೆ ಹಾಕಲು ಮಡಚಹೋದಳು.

"ಮಡಚಬ್ಯಾಡ್ರಿ ಅಕ್ಕಾರ. ಒಣಗೇತಿ, ಮುರೀತೈತಿ."

ಅವಳು ಕೈ ಹಿಂದೆಗೆದಳು.

"ಕೇಸ್ ಮುಗಿದ ಮ್ಯಾಲ ನನಗ ಕೊಡ್ತೀರೇನ್ರಿ?"

"ಮಾಲು ಮಾಲೀಕರಿಗೆ ಹೋಗ್ತೈತಿ," ಎಂದರು ಕೊಟ್ರೇಶ.

ಲೋಹಿತ ತಲೆಯಾಡಿಸಿದ. ಮಂಚದ ಅಂಚಿಗೆ ಕುಳಿತು, ಎಳೆ ಸಡಿಲವಾಗಿದ್ದ ಕಡೆ ಅಂಗೈ ಊರಿದ. ಸಾಕ್ಷಿಗೆಂದು ಕರೆಸಿದ್ದ ಇಬ್ಬರು ಪಂಚರು ಸಹಿ ಮಾಡಲು ಪೆನ್ನು ಹಿಡಿದು ಮುಂದೆ ಬಂದರು.

ಕೊಟ್ರೇಶ ಸೀಟಿನ ಮೇಲಿದ್ದ ಆ ಕೈ ನೋಡಿ ಅವರನ್ನು ತಡೆದರು.

"ಪಂಚರಿಗೆ ಇನ್ನೊಮ್ಮೆ ಓದಿ ಹೇಳು ಹೇಮಾ. ಮೊದಲಿಂದ. ಸಾವಕಾಶ ಓದು."