ಕೆಂಪು ಬಟನ್ ಒತ್ತಿದ ಶುಕ್ರವಾರ

ಉನೈಸಿ ಹಾಡಲು ಬಂದ ಮೊದಲ ದಿನವೇ ನನ್ನ ಬಟನ್ ಡಬ್ಬಿಯನ್ನು ನೋಡಿ ನಕ್ಕಳು.

"ಇದೇನಿದು, ಮಕ್ಕಳಾಟದ ಸಾಮಾನು?"

ಅಂಗೈಯಗಲದ ಡಬ್ಬಿ. ಹದಿನೈದು ಬಟನ್‌ಗಳು, ಒಂದೊಂದರ ಮೇಲೂ ಬೆಳಗುವ ಪುಟ್ಟ ಚಿತ್ರ. ಯಾವುದನ್ನು ಒತ್ತಿದರೆ ಕಂಪ್ಯೂಟರಿನಲ್ಲಿ ಏನಾಗಬೇಕು ಎಂದು ನಾನೇ ಕೂತು ಹೊಂದಿಸಿದ್ದೆ. ಹಸಿರು ಒತ್ತಿದರೆ ರೆಕಾರ್ಡಿಂಗ್ ಶುರು. ನೀಲಿ ಒತ್ತಿದರೆ ಒಂದು ದನಿ ಎರಡಾಗುತ್ತದೆ. ಕೆಂಪು ಎಲ್ಲಕ್ಕಿಂತ ಚುರುಕು. ನಾನು ಗುರುತು ಹಾಕಿದ ಹಾಡನ್ನು ಮಾತ್ರ ಉಳಿಸಿ, ಮಿಕ್ಕ ಸಲ ಹಾಡಿದ್ದನ್ನೆಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಫೈಲ್ ಮುಚ್ಚಿಬಿಡುತ್ತದೆ. ಮೌಸ್ ಹಿಡಿದರೆ ಮುಕ್ಕಾಲು ಗಂಟೆಯ ಕೆಲಸ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ಸುವಾ ಪಟ್ಟಣದ ಅರ್ಧಕ್ಕರ್ಧ ಚರ್ಚ್ ಗಾಯಕರು ರೈವಾಂಗ ಬಡಾವಣೆಯ ನನ್ನ ತಗಡಿನ ಸ್ಟುಡಿಯೋಗೆ ಬರುತ್ತಿದ್ದುದೇ ಈ ವೇಗಕ್ಕಾಗಿ. ನನಗೆ ಅದರ ಜಂಬವಿತ್ತು, ಇಲ್ಲವೆನ್ನುವುದಿಲ್ಲ.

"ಮಕ್ಕಳಾಟ ಅಲ್ಲ ತಾಯಿ. ಹತ್ತು ಜನದ ಕೆಲಸ ಮಾಡತ್ತೆ ಇದು. ಹಾಡೋದೊಂದು ಬಿಟ್ಟು."

"ಹಾಡೋದಕ್ಕೂ ಒಂದು ಬಟನ್ ಇಟ್ಕೋ. ನಿಮ್ಮ ನದಿ ಕಡೆಯವ್ರ ಗಂಟಲಿಗೆ ಬೇಕಾಗತ್ತೆ."

ಹಾಗೆ ಮಾತಾಡಲು ಅವಳಿಗೆ ಹಕ್ಕಿತ್ತು. ಅವಳ ದ್ವೀಪದವರಿಗೂ ನಮ್ಮ ನದಿ ದಂಡೆಯವರಿಗೂ ತೌವು ಎಂಬ ಹಳೆಯ ನಂಟು. ಒಂದೇ ಮೂಲಪುರುಷನ ಮಕ್ಕಳು ಎನ್ನುವ ಲೆಕ್ಕ. ಈ ನಂಟಿನವರು ಎದುರಾದರೆ ಅತ್ತೆಯ ಮಗಳನ್ನು ಕೆಣಕುವ ಹಾಗೆ ಒಬ್ಬರನ್ನೊಬ್ಬರು ಕೆಣಕಲೇಬೇಕು. ಕೋಪ ಮಾಡಿಕೊಂಡವನು ಸೋತ. ನಮ್ಮಜ್ಜ ಅವಳ ದ್ವೀಪಕ್ಕೆ ನೆಂಟನಾಗಿ ಹೋಗಿ, ಅವರ ಹಂದಿಯನ್ನೇ ಹಿಡಿದು ಸುಟ್ಟು ಅವರಿಗೇ ಬಡಿಸಿ ಬಂದಿದ್ದನಂತೆ. ಇವತ್ತಿಗೂ ಅವರು ಅದನ್ನು ಹೇಳಿಕೊಂಡು ನಗುತ್ತಾರೆ.

ಈ ನಂಟಿನಲ್ಲಿ ಒಂದೇ ತೊಡಕು. ಏನು ಹೇಳಿದರೂ ಅದು ತಮಾಷೆಯ ಲೆಕ್ಕಕ್ಕೇ ಹೋಗುತ್ತದೆ. ಮನಸ್ಸಿನ ಮಾತು ಹೇಳಬೇಕೆಂದರೆ ಜಾಗವೇ ಇಲ್ಲ.

ಅವಳಪ್ಪ ಕಟ್ಟಿದ ಎಂಟು ಹಾಡುಗಳನ್ನು ರೆಕಾರ್ಡ್ ಮಾಡಬೇಕಿತ್ತು. ಆಸ್ಪತ್ರೆಯ ಕೆಲಸ ಮುಗಿಸಿಕೊಂಡು ಶುಕ್ರವಾರ ಮಧ್ಯಾಹ್ನ ಬರುತ್ತಿದ್ದಳು. ಬೇರೆಯವರಿಗಾದರೆ ಎರಡು ವಾರದ ಕೆಲಸ. ಅವಳಿಗೆ ಹನ್ನೊಂದು ವಾರ ಹಿಡಿಯಿತು. ಏಕೆಂದರೆ ಅವಳ ಹಾಡಿಗೆ ಮಾತ್ರ ನಾನು ಡಬ್ಬಿ ಮುಟ್ಟುತ್ತಿರಲಿಲ್ಲ. ಮೌಸ್ ಹಿಡಿದು, ಒಂದೊಂದೇ ಸಾಲನ್ನು ಹತ್ತು ಸಲ ಕೇಳಿ, ಬೇಕೆಂದೇ ತಡ ಮಾಡುತ್ತಿದ್ದೆ.

ಅವಳು ಗಾಜಿನ ಆಚೆ ನಿಂತು, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, ಹುಬ್ಬೆತ್ತಿ ನನ್ನನ್ನೇ ನೋಡುತ್ತಿದ್ದಳು. ತುಟಿಯ ಒಂದು ಕೊನೆ ಮಾತ್ರ ನಗುತ್ತಿತ್ತು.

"ಲೋ ನದಿಯ ಹಾವುಮೀನು ತಿನ್ನೋನೇ, ನಿನ್ನ ಡಬ್ಬಿ ಕೆಟ್ಟೋಯ್ತಾ?"

"ದ್ವೀಪದವ್ರ ದನಿ ಕೇಳಿದ್ರೆ ಅದು ಹೆದರ್ಕೊಳ್ಳತ್ತೆ."

"ಅದಕ್ಕಾದ್ರೂ ಬುದ್ಧಿ ಇದೆ. ನೀನು ಹೆದರಲ್ವಾ?"

ಹೆದರುತ್ತಿದ್ದೆ. ಅವಳು ಬಾರದ ಶುಕ್ರವಾರವೊಂದನ್ನು ನೆನೆದರೂ ಸಾಕು, ಊಟ ಸೇರುತ್ತಿರಲಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. "ಹೆದರೋದಾ? ನಿನಗಾ?" ಎಂದು ನಕ್ಕುಬಿಟ್ಟೆ.

ಕೊನೆಯ ಹಾಡಿನ ದಿನ ಅವಳು ಚೀಲ ಕೆಳಗಿಡುವ ಮೊದಲೇ ಹೇಳಿದಳು.

"ಅಪೆನಿಸಾ, ನಿನಗೊಂದು ಸಂತೋಷದ ಸುದ್ದಿ. ಆಸ್ಟ್ರೇಲಿಯಾದಲ್ಲಿ ಮುದುಕರನ್ನ ನೋಡ್ಕೊಳ್ಳೋ ಕೆಲಸ ಸಿಕ್ಕಿದೆ. ನಾಲ್ಕು ವರ್ಷ. ಸೋಮವಾರ ಸಹಿ ಹಾಕ್ಬೇಕು."

"ಅಯ್ಯೋ ಪಾಪ" ಎಂದೆ.

"ನನಗಾ?"

"ಆ ಮುದುಕರಿಗೆ."

ಅವಳು ನಕ್ಕಳು. ನಕ್ಕು ಮುಗಿದ ಮೇಲೂ ಅವಳ ಕಣ್ಣು ನನ್ನ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿಯಿತು. ನಾನು ಮಾನಿಟರಿನ ಕಡೆ ತಿರುಗಿದೆ. ಹನ್ನೊಂದು ವಾರ ನನ್ನೆದುರು ನಗುತ್ತ ನಿಂತವಳು ಬೆನ್ನ ಹಿಂದೆ ಅರ್ಜಿ ಹಾಕಿದ್ದಳಲ್ಲ ಎಂಬ ಸಿಟ್ಟು. ಅರ್ಜಿ ಹಾಕಬೇಡ ಎನ್ನುವಂಥದ್ದು ನಾನೇನು ಹೇಳಿದ್ದೆ ಎಂದು ಆಗ ಹೊಳೆಯಲಿಲ್ಲ.

ಅವಳು ಆರು ಸಲ ಹಾಡಿದಳು. ನಾಲ್ಕನೆಯದು ಚೆನ್ನಾಗಿತ್ತು, ಗುರುತು ಹಾಕಿಟ್ಟೆ.

"ಇನ್ನೊಂದ್ಸಲ ಹಾಡಿ ನೋಡ್ತೀನಿ" ಎಂದಳು. "ರೆಕಾರ್ಡಿಂಗ್ ಓಡ್ತಾ ಇರ್ಲಿ. ನೀನು ಹೋಗಿ ಬನ್ ತಗೊಂಡ್ಬಾ, ಹಸಿವು."

ಬನ್ ತಂದಾಗ ಅವಳು ಚೀಲ ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದಳು. ಮುಖ ಕೆಂಪಾಗಿತ್ತು. ಬನ್ ಮುಟ್ಟಲಿಲ್ಲ.

"ಏಳನೇದನ್ನ ಕೇಳು. ಕೊನೇ ತನಕ ಕೇಳು, ಅರ್ಥ ಆಯ್ತಾ? ಭಾನುವಾರ ಚರ್ಚ್ ಹತ್ರ ಸಿಗ್ತೀನಿ."

"ನನ್ನ ಕೆಲಸ ನನಗೆ ಹೇಳ್ಕೊಡ್ಬೇಡ."

ಅವಳು ಹೋದಳು. ನಾನು ಕುರ್ಚಿಯಲ್ಲಿ ಕೂತೆ. ಏಳನೆಯದು ಪರದೆಯ ಮೇಲೆ ಉದ್ದಕ್ಕೆ ಮಲಗಿತ್ತು, ಹಾಡಿಗಿಂತ ಎಷ್ಟೋ ಉದ್ದ. ಹೋಗುವವಳ ದನಿಯನ್ನು ಇನ್ನೊಂದು ಸಲ ಯಾಕೆ ಕೇಳಬೇಕು ಎನಿಸಿತು. ಅವತ್ತು ಮೊದಲ ಸಲ ಅವಳ ಹಾಡಿಗೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡೆ. ನಾಲ್ಕನೆಯದಕ್ಕೆ ಗುರುತು ಇದ್ದೇ ಇತ್ತು. ಕೆಂಪು ಒತ್ತಿದೆ.

ನಾಲ್ಕು ಸೆಕೆಂಡಿನಲ್ಲಿ ಪರದೆ ಚೊಕ್ಕಟವಾಯಿತು.

ಭಾನುವಾರ ಚರ್ಚಿನ ಹೊರಗೆ ಅವಳು ಬಿಳಿ ಬಟ್ಟೆಯಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಬೀಸಣಿಗೆ ಅಲ್ಲಾಡುತ್ತಿರಲಿಲ್ಲ.

"ಕೇಳಿದ್ಯಾ?"

"ಕೇಳ್ದೆ."

"ಕೊನೇ ತನಕ?"

"ಕೊನೇ ತನಕ." ಕೇಳಿಲ್ಲ ಎಂದು ಒಪ್ಪಿಕೊಳ್ಳಲು ನನ್ನ ಜಂಬ ಬಿಡಲಿಲ್ಲ.

"ಮತ್ತೆ? ಏನೂ ಹೇಳಲ್ವಾ?"

"ಹೇಳೋದೇನು? ನಿಮ್ಮ ದ್ವೀಪದವ್ರು ಹಾಡೋದೇ ಮೂಗಲ್ಲಿ. ಬಟನ್ನಿಂದ ಸರಿ ಮಾಡಿದೀನಿ."

ಅವಳು ನನ್ನನ್ನು ನೋಡಿದಳು. ಆಮೇಲೆ ತಲೆಯಾಡಿಸಿದಳು. "ಸರಿ, ಹಾವುಮೀನು. ಚೆನ್ನಾಗಿರು." ಸೋಮವಾರ ಸಹಿ ಹಾಕಿದಳಂತೆ.

ನಾಲ್ಕು ವರ್ಷದ ಮೇಲೆ ಅವಳ ತಂಗಿಯ ಮದುವೆಗೆ ಮೈಕ್ ಹಾಕಲು ನನ್ನನ್ನೇ ಕರೆದರು. ಉನೈಸಿ ಗಂಡನ ಜೊತೆ ಬಂದಿದ್ದಳು. ಟೋಂಗಾ ದೇಶದವನು, ಆಸ್ಟ್ರೇಲಿಯಾದಲ್ಲಿ ಲಾರಿ ಓಡಿಸುತ್ತಾನೆ. ಬಂದ ಘಳಿಗೆಯಿಂದ ಅಂಗಿ ಬಿಚ್ಚಿಟ್ಟು ಅಡುಗೆಗೆಂದು ನೆಲದಲ್ಲಿ ತೋಡಿದ ಒಲೆಗೆ ಕಲ್ಲು ಹೊರುತ್ತಿದ್ದ. ದ್ವೇಷಿಸೋಣವೆಂದರೆ ಒಂದು ನೆಪವನ್ನೂ ಕೊಡದ ಮನುಷ್ಯ.

ಊಟವಾದ ಮೇಲೆ ಅವಳು ತಟ್ಟೆ ತೊಳೆಯುತ್ತಿದ್ದಳು. ನಾನು ಒರೆಸಲು ನಿಂತೆ. ಸ್ವಲ್ಪ ದೂರದಲ್ಲಿ ಅವಳ ಸೋದರತ್ತೆಯಂದಿರು ಚಾಪೆಯ ಮೇಲೆ ಕೂತು ನಿಂಬೆ ಎಲೆಯ ಚಹಾ ಕುಡಿಯುತ್ತಿದ್ದರು.

"ಎರಡು ವರ್ಷ ನಿನ್ನ ಮೇಲೆ ಸಿಟ್ಟಿತ್ತು" ಎಂದಳು. "ಈಗಿಲ್ಲ."

"ಯಾಕೆ ಸಿಟ್ಟು?"

"ಅಷ್ಟೆಲ್ಲಾ ಕೇಳಿಸ್ಕೊಂಡು, ಮೂಗಲ್ಲಿ ಹಾಡ್ತೀಯ ಅಂದ್ಯಲ್ಲ."

"ಏನು ಕೇಳಿಸ್ಕೊಂಡೆ?"

ಅವಳ ಕೈ ನೀರಿನಲ್ಲೇ ನಿಂತಿತು. "ಏಳನೇದು. ನಾನು ಹಾಡ್ಲೇ ಇಲ್ವಲ್ಲ ಅದ್ರಲ್ಲಿ. ನಿನ್ನ ಮುಖ ನೋಡ್ಕೊಂಡು ಹೇಳಿದ್ರೆ ತಮಾಷೆ ಆಗ್ಬಿಡತ್ತೆ ಅಂತ ಮೈಕಿಗೆ ಹೇಳ್ದೆ."

ಸುಳ್ಳು ಹೇಳಬಹುದಿತ್ತು. ಈ ಸಲ ಹೇಳಲಿಲ್ಲ. "ನಾನು ಕೇಳ್ಲೇ ಇಲ್ಲ ಉನೈಸಿ. ಸಿಟ್ಟಲ್ಲಿ ಅಳಿಸ್ಬಿಟ್ಟೆ. ಕೇಳ್ದೆ ಅಂತ ಸುಳ್ಳು ಹೇಳ್ದೆ."

ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

"ಏನು ಹೇಳಿದ್ದೆ?" ಎಂದು ಕೇಳಿದೆ.

"ಜಾಸ್ತಿ ಏನಿಲ್ಲ. ನೀನಂದ್ರೆ ಇಷ್ಟ ಅಂದೆ. ಒಂದೇ ಒಂದ್ಸಲ ನಗಾಡ್ದೆ, 'ಹೋಗ್ಬೇಡ' ಅನ್ನು, ಸಹಿ ಹಾಕಲ್ಲ ಅಂದೆ. ಅಷ್ಟೇ."

ಇಷ್ಟು ವರ್ಷ ಕೆಲಸ ಬೇಗ ಮುಗಿಸುವ ವಿದ್ಯೆ ಕಲಿತವನು ನಾನು. ಈ ಒಂದು ಮಾತಿಗೆ ನಾಲ್ಕು ವರ್ಷ ತೆಗೆದುಕೊಂಡೆ. ಅವಳ ಗಂಡ ಅಲ್ಲೇ ಇದ್ದಾನೆ, ಹೇಳಬಾರದು ಎಂದು ಗೊತ್ತಿತ್ತು. ಆದರೂ ಬಾಯಿಂದ ಬಂದೇಬಿಟ್ಟಿತು, ದನಿಯೂ ಜೋರಾಯಿತು.

"ಹೋಗ್ಬೇಡ."

ಚಾಪೆಯ ಮೇಲೆ ನಗೆ ಸಿಡಿಯಿತು.

"ಕೇಳಿದ್ರೇನ್ರೇ! ಗಂಡ ಇಲ್ಲೇ ಇದಾನೆ, ಈ ನದಿಯವನ ಧೈರ್ಯ ನೋಡಿ!" ಎಂದು ದೊಡ್ಡತ್ತೆ ತೊಡೆ ತಟ್ಟಿಕೊಂಡಳು. ಯಾರೋ ಕೆಸುವಿನ ಗಡ್ಡೆಯ ಸಿಪ್ಪೆ ಎಸೆದರು. ಒಲೆಯ ಪಕ್ಕದಿಂದ ಅವಳ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕು, ನನ್ನ ಕಡೆ ಸೌದೆಯ ತುಂಡೊಂದನ್ನು ಎತ್ತಿ ಬೆದರಿಸಿದ. ತೌವು ಅಲ್ಲವೇ. ನಾನೂ ನಗಬೇಕಿತ್ತು, ನಕ್ಕೆ.

ಉನೈಸಿ ಒಬ್ಬಳೇ ನಗಲಿಲ್ಲ.